ಡಚ್ಚಿನ ಊರು, ಡಚ್ಚಿನ ಕೇರಿ

ವೈನ್ ಅನ್ನುವ ಒಂದೇ ಪದ ಹಿಡಿದು ಹೊರಡೋಣ. ಡಚ್ ಪಠ್ಯಪುಸ್ತಕ ಹೇಳಿಕೊಡುವ ಉಚ್ಚಾರ ‘ವೆಯ್ನ್’. ಎಕಾರದಿಂದ ಇಕಾರದ ಕಡೆಗೆ ಜಾರುವ ಸ್ವರ ಅದು. ನೆದರ್‌ಲೆಂಡ್ಸಿನ ಪೂರ್ವಕ್ಕೆ, ಗ್ರೋನಿಂಗೆನ್ ಅಥವಾ ಟ್ವೆಂಟೆ ಕಡೆಯ ಹಳ್ಳಿಗಳಿಗೆ ಹೋದರೆ ಅದೇ ‘ವೀನ್’. ನೈರುತ್ಯದ ಜೇಲಂಡ್ ದ್ವೀಪಗಳಲ್ಲೂ, ಅದಕ್ಕೆ ಅಂಟಿಕೊಂಡಿರುವ ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನಲ್ಲೂ ‘ವೀನ್’ ಕೇಳುತ್ತದೆ. ಆಮ್‌ಸ್ಟರ್‌ಡ್ಯಾಂ ಕಡೆ ಟಿವಿ ಚರ್ಚೆಗೆ ಬಂದು ಕೂರುವ ಓದಿದವರ ಬಾಯಲ್ಲಿ ಈಗೀಗ ‘ವಾಯ್ನ್’.

ಮೂರು ಊರಿನ ಮೂರು ಉಚ್ಚಾರ ಅಂತ ಬರೆದುಕೊಂಡರೆ ಅರ್ಧ ಮಾತ್ರ ಬರೆದುಕೊಂಡ ಹಾಗೆ. ಇವು ಮೂರು ಕಾಲದ ಉಚ್ಚಾರಗಳೂ ಹೌದು. ಮಧ್ಯಯುಗದಲ್ಲಿ ಎಲ್ಲ ಕಡೆಯೂ ಇದ್ದದ್ದು ದೀರ್ಘ ಈಕಾರ. 16, 17ನೇ ಶತಮಾನಗಳಲ್ಲಿ ಬ್ರಾಬಾಂಟ್ ಮತ್ತು ಹಾಲಂಡ್ ಪ್ರಾಂತಗಳ ಪೇಟೆಗಳಲ್ಲಿ ಅದು ಒಡೆದು ‘ಎಯ್’ ಆಯಿತು. 1585ರಲ್ಲಿ ಬ್ರಾಬಾಂಟಿನ ಆಂಟ್‌ವರ್ಪ್ ಸ್ಪೇನಿನವರ ಕೈಗೆ ಬಿದ್ದಾಗ ಅಲ್ಲಿನ ವ್ಯಾಪಾರಿಗಳು, ನೇಕಾರರು, ಮುದ್ರಕರು ಉತ್ತರದ ಊರುಗಳಿಗೆ ಗುಳೆ ಹೋದರು. ಈ ಹೊಸ ಸ್ವರಕ್ಕೆ ಆಮ್‌ಸ್ಟರ್‌ಡ್ಯಾಂನಲ್ಲಿ ಗೌರವ ತಂದುಕೊಟ್ಟದ್ದು ಅವರೋ, ಅಥವಾ ಅಲ್ಲೂ ಅದು ತಾನಾಗಿಯೇ ಶುರುವಾಗಿತ್ತೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಅದು ಏನೇ ಇರಲಿ, ಭಾಷೆ ಕೆಡಿಸಿದ್ದು ಹಳ್ಳಿಯವನಲ್ಲ. ಅವನು ಹಳೆಯದನ್ನು ಹಾಗೇ ಇಟ್ಟುಕೊಂಡಿದ್ದಾನೆ. ಬದಲಾಯಿಸಿದ್ದು ಪೇಟೆ. ಬದಲಾಯಿಸಿದ ಮೇಲೆ ತನ್ನದೇ ಶುದ್ಧ, ಮಿಕ್ಕಿದ್ದು ಒರಟು ಎಂದು ಬರೆದುಕೊಂಡದ್ದೂ ಪೇಟೆಯೇ.

ಇವತ್ತಿನ ಮಾತೆಲ್ಲ ಈ ಎರಡರ ನಡುವೆ ಓಡಾಡುತ್ತದೆ. ಒಂದು ಭೂಪಟದ ಗೆರೆ, ಇನ್ನೊಂದು ಸಮಾಜದ ಏಣಿ. ಒಂದೇ ಧ್ವನಿ ಒಂದು ಊರಲ್ಲಿ ಏಣಿಯ ಬುಡದಲ್ಲಿರುತ್ತದೆ, ಇನ್ನೊಂದು ಊರಲ್ಲಿ ತುದಿಯಲ್ಲಿರುತ್ತದೆ. ಧ್ವನಿಯಲ್ಲೇ ಅದರ ಬೆಲೆ ಇರುವುದಿಲ್ಲ.

ಡಚ್ ತಾಯ್ನುಡಿಯವರು ಸುಮಾರು 2.4 ಕೋಟಿ ಜನ. ನೆದರ್‌ಲೆಂಡ್ಸ್, ಬೆಲ್ಜಿಯಂನ ಉತ್ತರದ ಅರ್ಧವಾದ ಫ್ಲಾಂಡರ್ಸ್, ದಕ್ಷಿಣ ಅಮೆರಿಕದ ಸುರಿನಾಮ್, ಈ ಮೂರು ಕಡೆ ಅದು ಆಡಳಿತ ಭಾಷೆ. ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂ 1980ರಲ್ಲಿ ಒಪ್ಪಂದ ಮಾಡಿಕೊಂಡು ‘ತಾಲ್‌ಯೂನಿ’ ಎಂಬ ಜಂಟಿ ಭಾಷಾ ಸಂಸ್ಥೆ ಕಟ್ಟಿದವು. 2004ರಲ್ಲಿ ಸುರಿನಾಮ್ ಕೂಡ ಅದಕ್ಕೆ ಜೊತೆಯಾಯಿತು. ಕಾಗುಣಿತದ ಅಧಿಕೃತ ಪಟ್ಟಿಗೆ ಹೊದಿಕೆಯ ಬಣ್ಣದಿಂದ ‘ಹಸಿರು ಪುಸ್ತಕ’ ಅಂತಲೇ ಹೆಸರು. 1995, 2005, 2015ರಲ್ಲಿ ಹೊಸ ಆವೃತ್ತಿ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಗುಣಿತಕ್ಕೆ ಕಾನೂನು ಇದೆ, ಉಚ್ಚಾರಕ್ಕೆ ಇಲ್ಲ. ಹಾಗಾಗಿ ಬರವಣಿಗೆ ನೋಡಿದರೆ ಮೂರು ದೇಶವೂ ಒಂದೇ ಅನ್ನಿಸುತ್ತದೆ. ಬಾಯಿ ತೆರೆದ ಕೂಡಲೆ ಬೇರೆಯಾಗುತ್ತವೆ.

ಪೂರ್ವದ ಗಡಿಯಿಂದ ಶುರು ಮಾಡೋಣ. ನೆದರ್‌ಲೆಂಡ್ಸಿನ ಆಗ್ನೇಯ ಮೂಲೆಯಲ್ಲಿ ಕೆರ್ಕ್‌ರಾಡೆ ಎಂಬ ಹಳೆಯ ಕಲ್ಲಿದ್ದಲು ಗಣಿಯ ಊರಿದೆ. ಅದರ ಒಂದು ಬೀದಿಯ ನಡುವೆಯೇ ದೇಶದ ಗಡಿ ಹೋಗುತ್ತದೆ. ಒಂದು ಮಗ್ಗುಲಿನ ಮನೆಗಳ ವಿಳಾಸ ‘ನೀವ್‌ಸ್ಟ್ರಾಟ್’, ಕೆರ್ಕ್‌ರಾಡೆ. ಎದುರು ಮಗ್ಗುಲಿನದು ‘ನೋಯ್‌ಸ್ಟ್ರಾಸೆ’, ಜರ್ಮನಿಯ ಹೆರ್ಟ್ಸೋಗನ್‌ರಾಟ್. ಎರಡರ ಅರ್ಥವೂ ಹೊಸಬೀದಿ. 1990ರ ದಶಕದವರೆಗೂ ನಡುವೆ ಗಿಡ್ಡ ಗೋಡೆಯೊಂದಿತ್ತು. ಶಾಲೆಯಲ್ಲಿ ಈಚೆಯವರು ಡಚ್ ಕಲಿಯುತ್ತಾರೆ, ಆಚೆಯವರು ಜರ್ಮನ್. ಆದರೆ ಎರಡೂ ಕಡೆಯ ಹಿರಿಯರ ಮನೆಮಾತು ಒಂದೇ, ಕೊಲೋನ್ ಕಡೆಯ ಜರ್ಮನ್ ಉಪಭಾಷೆಗೆ ಹತ್ತಿರದ್ದು. ಡಚ್ ಎಲ್ಲಿ ಮುಗಿದು ಜರ್ಮನ್ ಎಲ್ಲಿ ಶುರುವಾಗುತ್ತದೆ ಎಂದು ಮಾತು ಕೇಳಿ ಗೆರೆ ಎಳೆಯಲು ಆಗುವುದಿಲ್ಲ. ಆ ಗೆರೆ ಎಳೆದದ್ದು ರಾಜ್ಯಗಳು ಮತ್ತು ಶಾಲೆಗಳು.

ಹಾಗಂತ ಮಾತಿನೊಳಗೆ ಗೆರೆಗಳೇ ಇಲ್ಲ ಅಂತಲ್ಲ. ‘ನಾನು’ ಅನ್ನುವುದಕ್ಕೆ ಡಚ್ಚಿನಲ್ಲಿ ‘ಇಕ್’, ಜರ್ಮನ್ನಿನಲ್ಲಿ ‘ಇಶ್’. ಈ ಎರಡನ್ನು ಬೇರೆ ಮಾಡುವ ಗೆರೆ ಎರಡು ದೇಶಗಳ ಗಡಿಯ ಮೇಲೆ ಇಲ್ಲ. ಅದು ನೆದರ್‌ಲೆಂಡ್ಸಿನ ಒಳಗೆ ನುಗ್ಗಿ ಲಿಂಬರ್ಗ್ ಪ್ರಾಂತವನ್ನು ಸೀಳಿಕೊಂಡು ಬೆಲ್ಜಿಯಂಗೆ ಹೋಗುತ್ತದೆ. ವೆನ್ಲೊ ಪಟ್ಟಣದಲ್ಲಿ ‘ಇಕ್’. ಅದಕ್ಕೆ ಅಂಟಿಕೊಂಡೇ ಇರುವ, ಈಗ ಅದರದ್ದೇ ನಗರಸಭೆಗೆ ಸೇರಿರುವ ಟೇಗೆಲೆನ್‌ನಲ್ಲಿ ‘ಇಶ್’ಗೆ ಹತ್ತಿರದ ಉಚ್ಚಾರ. ಗೆರೆ ಜರ್ಮನಿಯಲ್ಲಿ ರೈನ್ ನದಿ ದಾಟುವ ಊರಿನ ಹೆಸರಿನಿಂದ ಇದನ್ನು ಊರ್ಡಿಂಗೆನ್ ಗೆರೆ ಅನ್ನುತ್ತಾರೆ. ಅದೇ ಲಿಂಬರ್ಗಿನಲ್ಲಿ ಇನ್ನೊಂದು ವಿಚಿತ್ರ: ಅಲ್ಲಿನ ಉಪಭಾಷೆಗಳಲ್ಲಿ ರಾಗ ಅರ್ಥ ಬದಲಿಸುತ್ತದೆ. ರೂರ್ಮೊಂಡ್ ಊರಲ್ಲಿ ‘ಕ್ನೀನ್’ ಎಂದು ಎಳೆದ ರಾಗದಲ್ಲಿ ಹೇಳಿದರೆ ಒಂದು ಮೊಲ. ಸ್ವರ ತಟ್ಟನೆ ಇಳಿದರೆ ಹಲವು ಮೊಲ. ಬಹುವಚನಕ್ಕೆ ಪ್ರತ್ಯಯವೇ ಬೇಡ.

ಇನ್ನು ಇಲಿ ಮತ್ತು ಮನೆ. ಡಚ್ ಉಪಭಾಷೆಗಳ ಅಧ್ಯಯನದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ, ಸ್ವಲ್ಪ ನಿಧಾನವಾಗಿ ನೋಡೋಣ. ಹಳೆಯ ಕಾಲದಲ್ಲಿ ಎರಡರಲ್ಲೂ ಒಂದೇ ದೀರ್ಘ ಊಕಾರ ಇತ್ತು. ಇಲಿ ‘ಮೂಸ್’, ಮನೆ ‘ಹೂಸ್’. ನಗಬೇಡಿ, ಅಲ್ಲಿ ಅದು ಮರ್ಯಾದಸ್ಥ ಪದ. ಆಮೇಲೆ ಪಶ್ಚಿಮದಲ್ಲಿ ಅದು ‘ಮ್ಯೂಸ್’, ‘ಹ್ಯೂಸ್’ ಆಯಿತು. ತುಟಿಯನ್ನು ಊಕಾರಕ್ಕೆ ದುಂಡಗಿಟ್ಟು ಬಾಯೊಳಗೆ ಈಕಾರ ಹೇಳಿ, ಆ ಸ್ವರ ಬರುತ್ತದೆ. ಕಡೆಗೆ ಹಾಲಂಡ್‌ನ ಪೇಟೆಗಳಲ್ಲಿ ಅದೂ ಒಡೆದು ‘ಮೊಯ್ಸ್’, ‘ಹೊಯ್ಸ್’ ಆಯಿತು. ಇವತ್ತಿನ ಪುಸ್ತಕದ ಡಚ್ ಇದೇ.

ಧ್ವನಿ ಬದಲಾವಣೆ ಯಂತ್ರದ ಹಾಗೆ ನಡೆಯುವುದಾದರೆ ಎರಡು ಪದಗಳೂ ಒಂದೇ ಜಾಗದಲ್ಲಿ ಬದಲಾಗಬೇಕು. ಕ್ಲೂಕೆ ಎಂಬ ವಿದ್ವಾಂಸರು 1927ರಲ್ಲಿ ಎರಡರ ಭೂಪಟ ಬರೆದಾಗ ಹಾಗೆ ಕಾಣಲಿಲ್ಲ. ಪೂರ್ವದ ತುದಿಯಲ್ಲಿ ಎರಡೂ ಊಕಾರ. ಪಶ್ಚಿಮಕ್ಕೆ ಬರುತ್ತಾ ಒಂದು ಪಟ್ಟಿ ಸಿಗುತ್ತದೆ. ಅಲ್ಲಿ ಇಲಿ ಇನ್ನೂ ಹಳೆಯ ‘ಮೂಸ್’, ಮನೆ ಮಾತ್ರ ಆಗಲೇ ‘ಹ್ಯೂಸ್’. ಅದನ್ನು ದಾಟಿದರೆ ಎರಡೂ ಹೊಸ ಸ್ವರಕ್ಕೆ ಬಂದಿವೆ. ಈ ನಡುವಿನ ಪಟ್ಟಿಯೇ ಸ್ವಾರಸ್ಯ. ಒಬ್ಬನೇ ರೈತ, ಒಂದೇ ಬಾಯಿ. ಮನೆಗೆ ಒಂದು ಸ್ವರ, ಮನೆಯೊಳಗಿನ ಇಲಿಗೆ ಇನ್ನೊಂದು.

ಕಾರಣ ಸರಳ. ಮನೆ ಎಂಬ ಪದ ಹೊರಗಿನವರ ಬಾಯಲ್ಲಿ ಬರುತ್ತದೆ. ತೆರಿಗೆಯವನು, ಪಾದ್ರಿ, ಕ್ರಯಪತ್ರ ಬರೆಯುವವನು, ಕೊಳ್ಳಲು ಬಂದವನು, ಎಲ್ಲರೂ ಮನೆಯ ಮಾತಾಡುತ್ತಾರೆ. ಅವರ ಮುಂದೆ ಅವರ ಹಾಗೇ ಹೇಳಬೇಕು ಅನ್ನಿಸುತ್ತದೆ. ಇಲಿಯ ಮಾತು ಅಡುಗೆಮನೆ ಮತ್ತು ಅಟ್ಟ ಬಿಟ್ಟು ಹೊರಗೆ ಹೋಗುವುದಿಲ್ಲ. ಅದಕ್ಕೆ ಪೇಟೆಯ ಉಚ್ಚಾರ ಕೇಳುವ ಸಂದರ್ಭವೇ ಇಲ್ಲ. ಅಂದರೆ ಧ್ವನಿ ನೆಲದ ಮೇಲೆ ತಾನಾಗಿ ಹರಿದುಬರಲಿಲ್ಲ. ಯಾರ ಮುಂದೆ ಯಾರು ತಗ್ಗಿ ನಿಲ್ಲುತ್ತಿದ್ದರೋ ಆ ದಾರಿಯಲ್ಲಿ ಒಂದೊಂದೇ ಪದದ ಹೆಗಲೇರಿ ಬಂತು. ಭೂಪಟದ ಗೆರೆ ಎಂದು ನಾವು ನೋಡುತ್ತಿರುವುದು ಎಷ್ಟೋ ಸಲ ಮಲಗಿಸಿಟ್ಟ ಏಣಿ.

ಇಂಥ ಭೂಪಟಗಳಿಗೆ ಮಾಹಿತಿ ಹೇಗೆ ಬಂತು ಎಂದು ಕೇಳಬೇಕಾದ್ದೇ. ಬೆಲ್ಜಿಯಂನ ಗೆಂಟ್ ಊರಿನ ವಿದ್ವಾಂಸ ಎಡ್ಗರ್ ಬ್ಲಾಂಕಾರ್ಟ್ ಶುರು ಮಾಡಿದ ಉಪಭಾಷಾ ಭೂಪಟಗಳ ಸಾಲು 1925ರಿಂದ 1982ರವರೆಗೆ 16 ಸಂಪುಟಗಳಾಗಿ ಬಂತು. ವಿಧಾನ ಹೀಗೆ: ಸುಮಾರು 140 ವಾಕ್ಯಗಳ ಒಂದೇ ಪಟ್ಟಿ. ಪ್ರತಿ ಊರಿಗೆ ಹೋಗಿ ಅಲ್ಲೇ ಹುಟ್ಟಿ ಬೆಳೆದವರಿಂದ ಅವನ್ನು ಅವರ ಮಾತಿಗೆ ತಿರುಗಿಸಿ ಹೇಳಿಸಿ, ಕೂತಲ್ಲೇ ಧ್ವನಿಲಿಪಿಯಲ್ಲಿ ಬರೆದುಕೊಳ್ಳುವುದು. ಮೊದಲ ವಾಕ್ಯ ಗಿಡುಗವನ್ನು ಕಂಡರೆ ಕೋಳಿಗಳು ಹೆದರುತ್ತವೆ ಎಂಬ ಅರ್ಥದ್ದು. ವಾಕ್ಯ ಸಾಮಾನ್ಯ ಕಾಣುತ್ತದೆ, ಆದರೆ ಕೋಳಿಗೆ ಊರೂರಿಗೆ ಒಂದು ಪದ, ಗಿಡುಗಕ್ಕೆ ಒಂದು, ಹೆದರಿಕೆಗೆ ಇನ್ನೊಂದು. ಒಂದೇ ವಾಕ್ಯದಲ್ಲಿ ಮೂರು ಬಲೆ.

ಈ ವಿಧಾನ ತಪ್ಪುವುದು ವಾಕ್ಯರಚನೆ ಕೇಳಲು ಹೋದಾಗ. ಸೂಟು ಹಾಕಿಕೊಂಡ ಸಂಶೋಧಕ ಪುಸ್ತಕದ ಡಚ್ಚಿನಲ್ಲಿ ಕೇಳಿದರೆ, ಉತ್ತರ ಕೊಡುವವರು ಪದಗಳನ್ನು ಮಾತ್ರ ತಮ್ಮದಕ್ಕೆ ಬದಲಿಸಿ ಅವನ ಪದಕ್ರಮವನ್ನೇ ವಾಪಸ್ ಕೊಡುತ್ತಾರೆ. ಅದು ಸುಳ್ಳಲ್ಲ, ಸೌಜನ್ಯ. 2005 ಮತ್ತು 2008ರಲ್ಲಿ ಎರಡು ಭಾಗಗಳಾಗಿ ಬಂದ ವಾಕ್ಯರಚನೆಯ ಭೂಪಟಕ್ಕಾಗಿ 267 ಊರುಗಳಲ್ಲಿ ಕೆಲಸ ಮಾಡಿದವರು ನೆದರ್‌ಲೆಂಡ್ಸಿನಲ್ಲಿ ಒಂದು ಉಪಾಯ ಮಾಡಿದರು. ಮೊದಲು ಊರಿನ ಒಬ್ಬರಿಗೆ ಪ್ರಶ್ನೆಗಳನ್ನು ತಿಳಿಸಿ, ಆಮೇಲೆ ಅವರೇ ಇನ್ನೊಬ್ಬ ಊರಿನವರನ್ನು ಊರಿನ ಮಾತಿನಲ್ಲಿ ಕೇಳುವ ಹಾಗೆ ಮಾಡಿದರು.

ಆ ಭೂಪಟಗಳಲ್ಲಿ ಪಶ್ಚಿಮ ಫ್ಲಾಂಡರ್ಸ್ ಒಂದು ಖಜಾನೆ. ಅಲ್ಲಿ ‘ಹೌದು’ ಅನ್ನುವ ಪದಕ್ಕೂ ಪುರುಷ ಪ್ರತ್ಯಯ ಹತ್ತುತ್ತದೆ. ನಿನಗೆ ಹಸಿವಾಗಿದೆಯಾ ಎಂದರೆ ‘ಯೋಕ್’, ಅಂದರೆ ‘ಹೌದು-ನಾನು’. ಅವಳು ಬಂದಳಾ ಎಂದರೆ ‘ಯೋಸ್’, ‘ಹೌದು-ಅವಳು’. ಮಳೆ ಬರುತ್ತಿದೆಯಾ ಎಂದರೆ ‘ಯೋಟ್’, ‘ಹೌದು-ಅದು’. ಇದನ್ನು ಯಾವ ಶಾಲೆಯೂ ಕಲಿಸುವುದಿಲ್ಲ, ಯಾವ ಮಗುವೂ ತಪ್ಪುವುದಿಲ್ಲ.

ಗೆರೆಗಳಲ್ಲಿ ಡಚ್ಚರೇ ಹೆಚ್ಚು ಮಾತಾಡುವುದು ನದಿಗಳ ಗೆರೆಯ ಬಗ್ಗೆ. ರೈನ್, ವಾಲ್, ಮಾಸ್ ನದಿಗಳು ದೇಶವನ್ನು ಅಡ್ಡಡ್ಡ ಕೊಯ್ಯುತ್ತವೆ. ‘ನದಿಗಳ ಮೇಲೆ’, ‘ನದಿಗಳ ಕೆಳಗೆ’ ಎಂದು ಎರಡು ಲೋಕ. ಡಚ್ಚಿನ ಗಕಾರ ನಮ್ಮ ಗ ಅಲ್ಲ, ಗಂಟಲ ಕಡೆ ಉಜ್ಜಿಕೊಂಡು ಬರುವ ಧ್ವನಿ. ಮೇಲಿನವರದು ಗಟ್ಟಿ ಗಕಾರ, ಕೆಳಗಿನ ಬ್ರಾಬಾಂಟ್, ಲಿಂಬರ್ಗ್, ಫ್ಲಾಂಡರ್ಸಿನವರದು ಮೆತ್ತನೆ ಗಕಾರ. ಹುರಿದ ಆಲೂಗಡ್ಡೆ ಕಡ್ಡಿಗಳು ಮೇಲೆ ‘ಪಟಾಟ್’, ಕೆಳಗೆ ‘ಫ್ರೀಟ್’. ಬೆಲ್ಜಿಯಂಗೆ ಹೋಗಿ ‘ಪಟಾಟ್’ ಎಂದರೆ ಬರೀ ಆಲೂಗಡ್ಡೆ. ಪುಟ್ಟದು, ಮುದ್ದಿನದು ಎಂದು ಹೇಳುವ ಪ್ರತ್ಯಯ ಮೇಲೆ ‘-ಯೆ’, ಕೆಳಗೆ ‘-ಕೆ’. ಹುಡುಗಿ ‘ಮೆಯ್ಶೆ’ ಅಥವಾ ‘ಮೆಯ್ಸ್ಕೆ’.

ಐಂಡ್‌ಹೋವನ್ ಸುತ್ತಿನ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ಈ ಗಕಾರ ನಿಜಕ್ಕೂ ಕೆಲಸಕ್ಕೆ ಬರುವ ವಿಷಯ. ಆ ಊರು ಬ್ರಾಬಾಂಟ್‌ನಲ್ಲಿದೆ. ಪಾಠದ ಧ್ವನಿಮುದ್ರಣಗಳಲ್ಲಿ ಕೇಳುವುದು ಹೆಚ್ಚಾಗಿ ಉತ್ತರದ ಗಟ್ಟಿ ಗಕಾರ; ಬೇಕರಿಯಲ್ಲಿ ಕೇಳುವುದು ಮೆತ್ತನೆಯದು, ಹೊರಡುವಾಗ ‘ಹಾವ್‌ಡೂ’ ಎಂಬ ಬ್ರಾಬಾಂಟಿನ ಬೀಳ್ಕೊಡುಗೆ. ನಮ್ಮವರು ಮಾಡುವ ತಪ್ಪು ಈ ಧ್ವನಿಯ ಜಾಗದಲ್ಲಿ ನಮ್ಮ ಖಕಾರ ಹಾಕುವುದು. ಖಕಾರದಲ್ಲಿ ಉಸಿರು ಒಂದು ಕ್ಷಣ ಪೂರ್ತಿ ನಿಂತು ಆಮೇಲೆ ಬಿಡುಗಡೆಯಾಗುತ್ತದೆ, ಡಚ್ಚರ ಕಿವಿಗೆ ಅದು ಕಕಾರ. ‘ಹಳದಿ’ಯ ಡಚ್ ಪದ ಎಂದು ನೀವು ಹೇಳಿದ್ದು ಅವರಿಗೆ ‘ಕೇಲ್’, ಅಂದರೆ ‘ಗಂಟಲು’. ಮಾಡಬೇಕಾದ್ದು ಇಷ್ಟು: ಕಕಾರಕ್ಕೆ ನಾಲಿಗೆ ಎತ್ತಿ, ಅಂಗುಳಕ್ಕೆ ತಾಗಿಸದೆ ಸಣ್ಣ ಸಂದು ಬಿಟ್ಟು, ಉಸಿರನ್ನು ನಿಲ್ಲಿಸದೆ ಹರಿಯಬಿಡಿ. ಅದು ದಕ್ಷಿಣದ ಮೆತ್ತನೆಯದು. ನಾಲಿಗೆಯ ಬುಡವನ್ನು ಇನ್ನೂ ಹಿಂದೆ, ಕಿರುನಾಲಿಗೆಯ ಕಡೆ ಎಳೆದು ಕರಕರ ಮಾಡಿದರೆ ಉತ್ತರದ್ದು. ಯಾವುದಾದರೂ ನಡೆಯುತ್ತದೆ, ಬೆರೆಸಬೇಡಿ ಅಷ್ಟೆ. ಇಲ್ಲಿಂದ ಮುಂದೆ ಆ ಧ್ವನಿಯನ್ನು ಬೇರೆ ದಾರಿಯಿಲ್ಲದೆ ‘ಖ’ ಎಂದೇ ಬರೆಯುತ್ತೇನೆ, ಓದುವಾಗ ಉಸಿರು ನಿಲ್ಲಿಸಬೇಡಿ.

ಪಶ್ಚಿಮ ಫ್ಲಾಂಡರ್ಸಿನವರು ಇದರಲ್ಲೂ ಬೇರೆ. ಅವರ ಗಕಾರ ಹಕಾರವೇ ಆಗಿಬಿಟ್ಟಿದೆ, ನಿಜವಾದ ಹಕಾರ ಉದುರಿಹೋಗಿದೆ. ‘ಒಳ್ಳೆಯದು’ ಎಂಬ ‘ಖೂಟ್’ ಅವರ ಬಾಯಲ್ಲಿ ‘ಹೂಟ್’. ಮಿಕ್ಕವರಿಗೆ ಅದು ‘ಟೋಪಿ’. ನಿಜವಾದ ಟೋಪಿ ಅವರಿಗೆ ‘ಊಟ್’. ಕಷ್ಟ ಬರುವುದು ಅವರು ಬ್ರಸೆಲ್ಸ್‌ಗೆ ಹೋಗಿ ಶುದ್ಧವಾಗಿ ಮಾತಾಡಲು ಹೊರಟಾಗ. ತಮ್ಮ ಹಕಾರಗಳನ್ನೆಲ್ಲ ಗಕಾರ ಮಾಡಬೇಕು ಎಂಬ ಗಾಬರಿಯಲ್ಲಿ ಹಕಾರವೇ ಇರಬೇಕಾದ ‘ಹೇಲ್’, ಅಂದರೆ ‘ಬಹಳ’, ‘ಖೇಲ್’ ಆಗಿ ‘ಹಳದಿ’ಯಾಗುತ್ತದೆ. ಆದರದ ಸ್ವಾಗತ ಕೋರಲು ಹೋಗಿ ಹಾದರದ ಸ್ವಾಗತ ಕೋರಿದವರ ಕಥೆ ಗೊತ್ತಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈ ಬಗೆಯ ತಪ್ಪು ತಿಳಿಯದವರು ಮಾಡುವುದಲ್ಲ. ತನ್ನ ಮಾತು ಕೀಳು ಎಂದು ಯಾರೋ ಕಲಿಸಿಕೊಟ್ಟವರು ಮಾಡುವುದು.

ಕ್ರಿಯಾಪದಗಳ ಕೊನೆಯನ್ನೂ ಒಂದು ನಿಮಿಷ ನೋಡಿ. ‘ಲೋಪೆನ್’ ಎಂದು ಬರೆಯುವ ಪದವನ್ನು ಹಾಲಂಡ್‌ನವರು ‘ಲೋಪೆ’ ಎಂದು ನಕಾರ ನುಂಗಿ ಹೇಳುತ್ತಾರೆ. ಗ್ರೋನಿಂಗೆನ್‌ನವರು ಎಕಾರ ನುಂಗಿ ‘ಲೋಪ್ಮ್’ ಅನ್ನುತ್ತಾರೆ; ಪಕಾರದ ಪಕ್ಕ ಬಂದ ನಕಾರ ಮಕಾರವಾಗುತ್ತದೆ. ಮೊದಲನೆಯದಕ್ಕೆ ಯಾರೂ ನಗುವುದಿಲ್ಲ, ವಾರ್ತೆ ಓದುವವರೂ ಹಾಗೇ ಓದುತ್ತಾರೆ. ಎರಡನೆಯದಕ್ಕೆ ನಗುತ್ತಾರೆ. ನುಂಗಿದ್ದು ಇಬ್ಬರೂ ಒಂದೊಂದು ಅಕ್ಷರ ಮಾತ್ರ.

‘ಲೋಪೆನ್’ ಪದದ ಅರ್ಥವೂ ಗಡಿ ದಾಟಿದರೆ ಬದಲಾಗುತ್ತದೆ. ನೆದರ್‌ಲೆಂಡ್ಸಿನಲ್ಲಿ ನಡೆಯುವುದು, ಫ್ಲಾಂಡರ್ಸಿನಲ್ಲಿ ಓಡುವುದು. ‘ಸ್ಖೋನ್’ ಮೇಲೆ ಸ್ವಚ್ಛ, ಕೆಳಗೆ ಚೆಂದ. ‘ಟಾಸ್’ ಮೇಲೆ ಚೀಲ, ಕೆಳಗೆ ಬಟ್ಟಲು. ಫ್ಲಾಂಡರ್ಸಿನವರು ಒಂದು ಚೀಲ ಕಾಫಿ ಕೇಳಿದರು ಎಂದು ಉತ್ತರದವರು ತಮಾಷೆ ಮಾಡುವುದು ಇದಕ್ಕೇ. ನಿಜವಾಗಿ ಎಡವಟ್ಟಾಗುವುದು ‘ಮಿಡಾಖ್’ ಪದದಲ್ಲಿ. ಉತ್ತರದಲ್ಲಿ ಅದು 12ರಿಂದ ಸಂಜೆ 6ರವರೆಗಿನ ಇಡೀ ಮಧ್ಯಾಹ್ನ. ದಕ್ಷಿಣದಲ್ಲಿ ಊಟದ ಹೊತ್ತಿನ ಆಸುಪಾಸು ಮಾತ್ರ. ಆಮೇಲಿನದಕ್ಕೆ ‘ನಾಮಿಡಾಖ್’ ಎಂಬ ಬೇರೆ ಪದ. ಗಡಿಯಾಚೆ ಭೇಟಿ ಗೊತ್ತು ಮಾಡುವಾಗ ಗಂಟೆ ಹೇಳಿಯೇ ತೀರಬೇಕು.

ಅದಕ್ಕಿಂತ ನವಿರಾದದ್ದು ‘ನೀನು-ನೀವು’. ಉತ್ತರದಲ್ಲಿ ‘ಯೆಯ್’ ಅಂದರೆ ನೀನು, ‘ಯೂ’ ಅಂದರೆ ನೀವು. ಆಫೀಸಿನಲ್ಲಿ ಬಹುಬೇಗ ‘ಯೆಯ್’ಗೆ ಇಳಿಯುತ್ತಾರೆ. ಫ್ಲಾಂಡರ್ಸಿನಲ್ಲಿ ದಿನದ ಮಾತಿನ ‘ನೀನು’ ಎಂದರೆ ‘ಖೆಯ್’ ಅಥವಾ ‘ಖೆ’, ಹಳೆಯ ಬೈಬಲ್ ಓದಿದ ಉತ್ತರದವರಿಗೆ ಪುರಾಣದ ಮಾತು. ಈ ‘ಖೆಯ್’ಗೆ ದ್ವಿತೀಯಾ ವಿಭಕ್ತಿ ಬಂದರೆ ರೂಪ ‘ಯೂ’. ಹಾಗಾಗಿ ಫ್ಲಾಂಡರ್ಸಿನ ಗೆಳೆಯ ನಿಮ್ಮ ಹೆಗಲ ಮೇಲೆ ಕೈ ಹಾಕಿ ‘ಯೂ’ವನ್ನು ನಾಳೆ ಕಾಣುತ್ತೇನೆ ಎಂದರೆ ಅದು ‘ನಿನ್ನನ್ನು’, ‘ನಿಮ್ಮನ್ನು’ ಅಲ್ಲ. ಉತ್ತರದವರು ಅದನ್ನು ಕೇಳಿ ಇವರು ಎಷ್ಟು ವಿನಯವಂತರು ಅಂದುಕೊಳ್ಳುತ್ತಾರೆ. ಫ್ಲಾಂಡರ್ಸಿನವರು ಉತ್ತರದವರ ‘ಯೆಯ್’ ಕೇಳಿ ಇವರಿಗೆ ಎಷ್ಟು ಠೀವಿ ಅಂದುಕೊಳ್ಳುತ್ತಾರೆ. ಇಬ್ಬರೂ ವ್ಯಾಕರಣವನ್ನು ಸ್ವಭಾವ ಎಂದು ಓದಿದ್ದಾರೆ.

ಫ್ಲಾಂಡರ್ಸಿನ ಏಣಿಯೇ ಬೇರೆ ರೀತಿ ಕಟ್ಟಿದ್ದು. ಅಲ್ಲಿ ಬಹಳ ಕಾಲ ಮೇಲಿದ್ದದ್ದು ಫ್ರೆಂಚ್. ಕಾನೂನಿನ ಕಣ್ಣಲ್ಲಿ ಡಚ್ಚಿಗೆ ಸಮಾನ ಸ್ಥಾನ ಬಂದದ್ದು 1898ರಲ್ಲಿ, ಗೆಂಟ್ ವಿಶ್ವವಿದ್ಯಾಲಯ ಪೂರ್ತಿ ಡಚ್ಚಿಗೆ ಬಂದದ್ದು 1930ರಲ್ಲಿ. ಫ್ರೆಂಚಿನ ಎದುರು ನಿಲ್ಲಲು ಊರಿಗೊಂದು ಉಪಭಾಷೆ ಸಾಲದು ಎಂದು ಉತ್ತರದ ಶಿಷ್ಟ ಡಚ್ಚನ್ನೇ ತಂದರು. 1960ರ ದಶಕದಲ್ಲಿ ಟಿವಿಯಲ್ಲಿ ದಿನವೂ ಚುಟುಕು ಪಾಠ: ಹೀಗನ್ನಬೇಡಿ, ಹೀಗನ್ನಿ. ಶಿಷ್ಟ ಭಾಷೆಗೆ ಆಗಿದ್ದ ಹೆಸರೇ ‘ಸಾಮಾನ್ಯ ಸಭ್ಯ ಡಚ್’. ಹೆಸರಿನೊಳಗಿನ ‘ಸಭ್ಯ’ವನ್ನು ಆಮೇಲೆ ಕೈಬಿಟ್ಟರು, ಮಿಕ್ಕವರು ಅಸಭ್ಯರೇ ಎಂಬ ಪ್ರಶ್ನೆ ಬರುತ್ತಿತ್ತು.

ಫಲ ಅಂದುಕೊಂಡಂತೆ ಬರಲಿಲ್ಲ. ಜನ ಉಪಭಾಷೆ ಬಿಟ್ಟರು, ಶಿಷ್ಟ ಡಚ್ಚಿಗೆ ಪೂರ್ತಿ ಹೋಗಲಿಲ್ಲ. ನಡುವೆ ನಿಂತರು. ಅದಕ್ಕೆ ‘ಟುಸನ್‌ಟಾಲ್’, ನಡುಭಾಷೆ ಎಂದು ಹೆಸರು. ಅದನ್ನು ಕಂಡರಾಗದ ಲೇಖಕ ಗೇರ್ಟ್ ವಾನ್ ಇಸ್ಟೆಂಡಾಲ್ 1989ರಲ್ಲಿ ಇನ್ನೊಂದು ಹೆಸರಿಟ್ಟರು. ಫ್ಲಾಂಡರ್ಸಿನ ಡಚ್ಚಿಗೆ ಫ್ಲೆಮಿಶ್ ಅನ್ನುತ್ತಾರೆ; ಆ ಹೆಸರನ್ನು ಕನ್ನಡದಲ್ಲಿ ‘ಬಡಾವಣೆ ಫ್ಲೆಮಿಶ್’ ಅನ್ನಬಹುದು, ಹೊಲ ಹೋಳು ಮಾಡಿ ಸೈಟು ಕಟ್ಟಿದ ಕಡೆಯ ಮಾತು. ‘ನಾನು ಅದನ್ನು ನೋಡಲಿಲ್ಲ’ ಎಂಬುದು ಶಿಷ್ಟದಲ್ಲಿ ‘ಇಕ್ ಹೆಪ್ ಡಾಟ್ ನೀಟ್ ಖೆಜೀನ್’. ನಡುಭಾಷೆಯಲ್ಲಿ ಚಿಕ್ಕ ಪದಗಳ ಕೊನೆಯ ಟಕಾರ ಹೋಗಿ ‘ಡಾ’, ‘ನೀ’. ಪುಲ್ಲಿಂಗದ ಹಿಂದೆ ‘ಒಂದು’ ಎಂಬುದಕ್ಕೆ ‘ನೆ’. ಮುಂದಿನ ಪದ ಸ್ವರದಿಂದ ಅಥವಾ ಹ, ಬ, ಡ, ಟ ಧ್ವನಿಗಳಿಂದ ಶುರುವಾದರೆ ‘ನೆನ್’. ‘ನೆ ಮಾನ್’ ಒಬ್ಬ ಗಂಡಸು, ‘ನೆನ್ ಬೋಮ್’ ಒಂದು ಮರ. ಸೋಮಾರಿಗಳ ಮಾತು ಎಂದು ಬೈಯುವವರು ಈ ನಿಯಮವನ್ನು ಒಮ್ಮೆ ಪಾಲಿಸಿ ನೋಡಲಿ. ವಕೀಲರೂ ಪ್ರೊಫೆಸರರೂ ಮನೆಯಲ್ಲಿ ಆಡುವುದು ಇದನ್ನೇ, ವಾರ್ತೆ ಓದುವವರು ಮಾತ್ರ ಕ್ಯಾಮೆರಾ ಮುಂದೆ ಆಡುವುದಿಲ್ಲ.

ಉತ್ತರಕ್ಕೆ ಬರೋಣ. ಅಲ್ಲಿ ಏಣಿಯನ್ನು ಊರಿನ ನೆಲದಲ್ಲೇ ನೋಡಬೇಕೆಂದರೆ ಹೇಗ್ ನಗರಕ್ಕೆ ಹೋಗಬೇಕು. ಊರಿನ ಒಂದು ಭಾಗ ಸಮುದ್ರದ ಕಡೆಯ ಒಣ ಮರಳು ದಿಬ್ಬಗಳ ಮೇಲೆ, ಇನ್ನೊಂದು ಭಾಗ ಒಳಗಿನ ಜೌಗು ನೆಲದ ಮೇಲೆ. ಹಣವಂತರು ಮರಳ ಮೇಲೆ ಕಟ್ಟಿದರು, ಕೂಲಿಯವರು ಜೌಗಿನ ಮೇಲೆ. ಮರಳಿನವರನ್ನು ‘ಹಾಖೆನಾರ್’ ಅನ್ನುತ್ತಾರೆ, ಜೌಗಿನವರನ್ನು ‘ಹಾಖೆನೇಸ್’. ಒಂದೇ ಊರಿನವರು ಎನ್ನಲು ಎರಡು ಪದ, ಎರಡು ಉಚ್ಚಾರ. ಜೌಗಿನವರ ಬಾಯಲ್ಲಿ ‘ವೆಯ್ನ್’ ಜಾರುವುದೇ ಇಲ್ಲ, ಬಾಯಿ ಅಗಲಿಸಿ ಎಳೆದ ‘ವೇನ್’. ಇವರ ಬೈಗುಳಗಳೂ ಪ್ರಸಿದ್ಧ. ಡಚ್ಚರು ಬೈಯುವುದು ರೋಗ ಹೇಳಿ: ಕ್ಷಯ, ಟೈಫಸ್, ಕ್ಯಾನ್ಸರ್. ನಮ್ಮಲ್ಲಿ ‘ನಿನಗೆ ಪ್ಲೇಗ್ ಬರ’ ಅನ್ನುತ್ತಿದ್ದ ಅಜ್ಜಿಯರು ಅಲ್ಲಿಗೆ ಹೋಗಿದ್ದರೆ ಭಾಷೆ ಬೇಗ ಕಲಿಯುತ್ತಿದ್ದರು.

ಆದರೆ ಏಣಿ ಎಲ್ಲ ಕಡೆ ಒಂದೇ ಅಲ್ಲ. ಮಾಸ್ಟ್ರಿಕ್ಟ್‌ನಲ್ಲಿ ಡಾಕ್ಟರು, ವಕೀಲರು, ಹಳೆಯ ಸಿರಿವಂತ ಮನೆಗಳವರು ಊರಿನ ಉಪಭಾಷೆಯನ್ನೇ ಆಡುತ್ತಾರೆ. ಅದು ಬರದಿದ್ದರೆ ನೀವು ಹೊರಗಿನವರು.

ವ್ಯಾಕರಣದ ವಿಷಯದಲ್ಲಿ ಉತ್ತರದವರನ್ನು ಬೇರೆ ಬೇರೆ ಬೆಂಚಿನಲ್ಲಿ ಕೂರಿಸುವ ಪದ ‘ಹುನ್’. ‘ಅವರು ಹೊಂದಿದ್ದಾರೆ’ ಎಂಬುದಕ್ಕೆ ಪುಸ್ತಕದ ರೂಪ ‘ಜೆಯ್ ಹೆಬೆನ್’. ಲಕ್ಷಾಂತರ ಜನ ಹೇಳುವುದು ‘ಹುನ್ ಹೆಬೆನ್’. ಅಂದರೆ ಕರ್ತೃವಿನ ಜಾಗದಲ್ಲಿ ‘ಅವರಿಗೆ’ ಎಂಬ ರೂಪ. ಇದನ್ನು ಕೇಳಿದರೆ ಓದಿದವರ ಮೈ ಉರಿಯುತ್ತದೆ. ಫ್ಲಾಂಡರ್ಸಿನಲ್ಲಿ ಈ ಬಳಕೆ ಇಲ್ಲವೇ ಇಲ್ಲ ಎನ್ನಬಹುದು. ಬೈಯುವ ಮೊದಲು ಅದು ಮಾಡುವ ಕೆಲಸ ನೋಡಬೇಕು. ‘ಜೆಯ್’ ಎಂದರೆ ಅವಳು, ಅವರು, ಅವು, ಮೂರೂ ಆಗಬಹುದು. ‘ಹುನ್’ ಎಂದರೆ ಮನುಷ್ಯರು ಮಾತ್ರ, ಒಬ್ಬರಿಗಿಂತ ಹೆಚ್ಚು. ಮೇಜಿನ ಮೇಲಿನ ಪುಸ್ತಕಗಳಿಗೆ ಯಾರೂ ‘ಹುನ್’ ಅನ್ನುವುದಿಲ್ಲ. ಪುಸ್ತಕದ ರೂಪದಲ್ಲಿ ಇಲ್ಲದ ಸ್ಪಷ್ಟತೆ ಇದರಲ್ಲಿದೆ. ಇನ್ನೂ ತಮಾಷೆ ಎಂದರೆ, ‘ಹುನ್’ ಚತುರ್ಥಿಗೆ, ‘ಹೆನ್’ ದ್ವಿತೀಯೆಗೆ ಎಂದು ಶಾಲೆಯಲ್ಲಿ ಉರು ಹೊಡೆಸುವ ನಿಯಮ ಯಾರ ಬಾಯಲ್ಲೂ ಇರಲಿಲ್ಲ. 1625ರಲ್ಲಿ ವಾನ್ ಹ್ಯೂಲೆ ಎಂಬ ವ್ಯಾಕರಣಕಾರ ಲ್ಯಾಟಿನ್ನಿನ ಆಸೆಗೆ ಮೇಜಿನ ಮೇಲೆ ಮಾಡಿದ್ದು ಅದು. ನಾಲ್ಕು ಶತಮಾನವಾದರೂ ಜನರಿಗೆ ಅದು ಹತ್ತಿಲ್ಲ.

ಲಿಂಗದಲ್ಲಿ ಇನ್ನೊಂದು ಬಗೆಯ ಎಡವಟ್ಟು. ಫ್ಲಾಂಡರ್ಸಿನವರು ನಾಮಪದಗಳ ಮೂರು ಲಿಂಗವನ್ನೂ ಉಳಿಸಿಕೊಂಡಿದ್ದಾರೆ, ಹಸು ಅವರಿಗೆ ‘ಅವಳು’. ಉತ್ತರದವರಲ್ಲಿ ಪುಲ್ಲಿಂಗ ಸ್ತ್ರೀಲಿಂಗ ಕೂಡಿಹೋಗಿವೆ. ಹಾಲು ಕೊಡುವ ಹಸುವನ್ನೂ ‘ಅವನು’ ಅನ್ನುತ್ತಾರೆ. ಮಾತಿನಲ್ಲಿ ತೊಂದರೆಯಿಲ್ಲ. ಬರೆಯಲು ಕೂತಾಗ ಯಾವುದು ಯಾವ ಲಿಂಗ ಎಂದು ಗೊತ್ತಾಗದೆ, ‘ಹಾರ್’, ಅಂದರೆ ‘ಅವಳ’, ಎಂದರೆ ಗಾಂಭೀರ್ಯ ಬರುತ್ತದೆ ಎಂಬ ನಂಬಿಕೆಯಲ್ಲಿ ನಪುಂಸಕಲಿಂಗದ ‘ಆಡಳಿತ ಮಂಡಳಿ’ಗೂ ‘ಅವಳ ಸದಸ್ಯರು’ ಎಂದು ಬರೆಯುತ್ತಾರೆ. ಡಚ್ಚರೇ ಇದಕ್ಕೆ ‘ಹಾರ್ ರೋಗ’ ಎಂದು ಹೆಸರಿಟ್ಟಿದ್ದಾರೆ. ಪಶ್ಚಿಮ ಫ್ಲಾಂಡರ್ಸಿನ ‘ಹಳದಿ’ಗೂ ಈ ‘ಅವಳ’ಗೂ ಮೂಲ ಒಂದೇ ಭಯ, ಇಲ್ಲಿ ಅದು ಕಚೇರಿಯ ಲೆಟರ್‌ಹೆಡ್ ಮೇಲೆ ಬರುತ್ತದೆ.

ಯಾವ ಬೆಲೆಯೂ ಹತ್ತದ ವ್ಯತ್ಯಾಸಗಳೂ ಇವೆ. ‘ಅವನು ಕೆಲಸ ಮಾಡಿದ್ದಾನೆ ಎಂದು’ ಹೇಳುವಾಗ ‘ಹೇಫ್ಟ್ ಖೆವೆರ್ಕ್ಟ್’ ಎಂದರೂ ಸರಿ, ‘ಖೆವೆರ್ಕ್ಟ್ ಹೇಫ್ಟ್’ ಎಂದರೂ ಸರಿ. 1953ರಲ್ಲಿ ಅನಿಟಾ ಪಾವೆಲ್ಸ್ ತಮ್ಮ ಭೂಪಟದಲ್ಲಿ ಹಾಕಿದ ಬಣ್ಣದಿಂದ ಮೊದಲನೆಯದು ಕೆಂಪು ಕ್ರಮ, ಎರಡನೆಯದು ಹಸಿರು ಕ್ರಮ. ಇದಕ್ಕೆ ಯಾರೂ ಯಾರನ್ನೂ ಹಳ್ಳಿಗ ಎಂದು ಬೈದದ್ದಿಲ್ಲ.

ಆಮ್‌ಸ್ಟರ್‌ಡ್ಯಾಂನ ಬೀದಿ ಮಾತು ಎರಡು ಪದರದ್ದು. ಹಳೆಯ ಪದರದಲ್ಲಿ ಜಕಾರ ಸಕಾರವಾಗುತ್ತದೆ, ಮತ್ತು ಯಹೂದಿಗಳ ಯಿಡ್ಡಿಶ್ ಭಾಷೆಯ ಪದಗಳು ತುಂಬಿವೆ. ಊರಿನ ಅಕ್ಕರೆಯ ಹೆಸರು ‘ಮೋಕುಮ್’, ಹೀಬ್ರೂವಿನಲ್ಲಿ ‘ಸ್ಥಳ’. ಬೀಳ್ಕೊಡುವಾಗ ‘ಮಾಜೆಲ್’, ಅದೃಷ್ಟ. ಗೆಳೆಯ ‘ಖಾಬರ್’. ಯುದ್ಧಕ್ಕೆ ಮೊದಲು ಊರಿನಲ್ಲಿ ಸುಮಾರು 80,000 ಯಹೂದಿಗಳಿದ್ದರು. ಅವರಲ್ಲಿ ಹೆಚ್ಚಿನವರನ್ನು ನಾಜಿಗಳು ಕೊಂದರು. ಪದಗಳು ನೆರೆಹೊರೆಯವರ ಬಾಯಲ್ಲಿ ಉಳಿದವು.

ಹೊಸ ಪದರಕ್ಕೆ ‘ಸ್ಟ್ರಾಟ್‌ಟಾಲ್’, ಬೀದಿಭಾಷೆ ಎಂದೇ ಹೆಸರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅಲ್ಲಿಂದ ಬಹಳ ಜನ ಬಂದರು, ಅವರ ಸ್ರಾನನ್ ಭಾಷೆಯ ಪದಗಳು ಬಂದವು: ದುಡ್ಡಿಗೆ ‘ಡೂಕೂ’, ಮನೆಗೆ ‘ಓಸೊ’, ತಮಾಷೆಗೆ ‘ಫಾಟೂ’. ಮೊರೊಕ್ಕೊ ಮೂಲದ ಹುಡುಗರಿಂದ ‘ವಲ್ಲಾ’ ಎಂಬ ಆಣೆ ಬಂತು. ಆಡುವವರೆಲ್ಲ ವಲಸಿಗರ ಮಕ್ಕಳೇ ಅಲ್ಲ. ಇದರಲ್ಲಿ ಮೇಷ್ಟ್ರುಗಳನ್ನು ರೇಗಿಸುವುದು ‘ಹೆಟ್ ಮೆಯ್ಶೆ’ ಅನ್ನಬೇಕಾದ ಕಡೆ ‘ಡೆ ಮೆಯ್ಶೆ’ ಅನ್ನುವುದು. ಡಚ್ಚಿನಲ್ಲಿ ನಾಮಪದದ ಹಿಂದೆ ‘ಡೆ’ ಅಥವಾ ‘ಹೆಟ್’ ಬರುತ್ತದೆ, ಹೆಚ್ಚಿನವಕ್ಕೆ ‘ಡೆ’. ಎರಡನೆಯ ಭಾಷೆಯಾಗಿ ಕಲಿಯುವವರು ಹೆಚ್ಚಿರುವುದನ್ನೇ ಎಲ್ಲಕ್ಕೂ ಹಾಕುತ್ತಾರೆ, ಇದು ಸಹಜ. ಆದರೆ ಡಚ್ ಮಾತಾಡುತ್ತಲೇ ಬೆಳೆದ, ಸರಿ ರೂಪ ಚೆನ್ನಾಗಿ ಗೊತ್ತಿರುವ ಹುಡುಗ ಗೆಳೆಯರ ನಡುವೆ ‘ಡೆ ಮೆಯ್ಶೆ’ ಅಂದಾಗ ಅದು ತಪ್ಪಲ್ಲ. ಅವನ ಗುಂಪಿನ ಗುರುತು, ಹಾಕಿಕೊಂಡ ಶೂ ಇದ್ದ ಹಾಗೆ.

ಕೊನೆಗೆ ‘ವಾಯ್ನ್’. ಭಾಷಾವಿಜ್ಞಾನಿ ಯಾನ್ ಸ್ಟ್ರೋಪ್ 1998ರ ಪುಸ್ತಕದಲ್ಲಿ ಇದಕ್ಕೆ ‘ಪೋಲ್ಡರ್ ಡಚ್’ ಎಂದು ಹೆಸರಿಟ್ಟರು. ಪೋಲ್ಡರ್ ಎಂದರೆ ನೀರು ಹೊರಹಾಕಿ ಪಡೆದ ನೆಲ. ಅವರು ಗಮನಿಸಿದ್ದು, ‘ಎಯ್’ ಸ್ವರವನ್ನು ‘ಆಯ್’ ಕಡೆಗೆ ತೆರೆಯುತ್ತಿರುವವರಲ್ಲಿ ಮುಂದೆ ಇರುವವರು ಚೆನ್ನಾಗಿ ಓದಿದ, ಒಳ್ಳೆಯ ಹುದ್ದೆಯ ಹೆಂಗಸರು. ಇದೇ ಬಗೆಯ ಅಗಲ ಬಾಯಿಯ ಸ್ವರ ಪೇಟೆಯ ಕೂಲಿ ಕೇರಿಗಳಲ್ಲಿ ಮೊದಲಿಂದ ಇತ್ತು, ಅಲ್ಲಿ ಅದಕ್ಕೆ ‘ಪ್ಲಾಟ್’, ಅಂದರೆ ಒರಟು, ಎಂಬ ಬೈಗುಳ ಸಿಗುತ್ತಿತ್ತು. ಈಗ ಟಿವಿಯಲ್ಲಿ ಬರುತ್ತದೆ, ಸಂದರ್ಶನದಲ್ಲಿ ಬರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಗಡಿಯ ಆಚೆ, ಬೆಲ್ಜಿಯಂನ ರೇಡಿಯೊ ಮತ್ತು ಟಿವಿಯ ಡಚ್ಚಿನಲ್ಲಿ, ಅದೇ ಸ್ವರ ಎದುರು ದಿಕ್ಕಿಗೆ ಹೊರಟಿದೆ. ಅಲ್ಲಿ ಬಾಯಿ ಅಗಲವಾಗುತ್ತಿಲ್ಲ, ಜಾರುವುದೇ ತೆಳುವಾಗುತ್ತಿದೆ. ಕೆಲವು ವಾರ್ತಾವಾಚಕರ ಬಾಯಲ್ಲಿ ಅದು ಬಹುತೇಕ ನೇರವಾದ ‘ವೇನ್’. ಹೇಗ್ ನಗರದ ಜೌಗು ಕೇರಿಯಲ್ಲಿ ನಗೆಗೀಡಾದ ಸ್ವರಕ್ಕೆ ಹತ್ತಿರದ್ದು, ಬ್ರಸೆಲ್ಸ್‌ನಲ್ಲಿ ಅದೇ ವಾರ್ತೆ ಓದುತ್ತಿದೆ.